ಸಿಬಿಲ್ ಕ್ಲಿಯರ್ ಮಾಡಿಸಿಕೊಳ್ಳುವುದು ಹೇಗೆ: ಬಳಕೆದಾರರ ಕೈಪಿಡಿ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಸಾಲಗಾರರ ಉಪಯೋಗಕ್ಕಾಗಿ ಈ ಕೈಪಿಡಿ. ಹಲವಾಗಲಿನ ಹೊಳೆದಂಡೆಯಲ್ಲೂ ನೆಟ್‌ವರ್ಕ್ ಸಿಕ್ಕರೆ ಕೆಲಸ ಮಾಡುತ್ತದೆ. ಟ್ರ್ಯಾಕ್ಟರ್ ಕಂತು ತಪ್ಪಿಸಿದವರು, ಮೆಕ್ಕೆಜೋಳದ ರೇಟು ಬಿದ್ದ ವರ್ಷ ಬೆಳೆಸಾಲ ಕಟ್ಟಲಾಗದವರು, ಭಾವಮೈದುನನ ಬೈಕಿಗೆ ಜಾಮೀನು ಹಾಕಿ ಮರೆತವರು, ಎಲ್ಲರಿಗೂ ವಿಧಾನ ಒಂದೇ. ಚಾಚೂ ತಪ್ಪದೆ ಪಾಲಿಸಿದರೆ ದುಡ್ಡು ಹೋಗುವುದು ಖಾತ್ರಿ.

ಬೇಕಾಗುವ ಸಾಮಗ್ರಿ: ಸ್ಮಾರ್ಟ್‌ಫೋನು, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಫೋಟೊ, ಫೋನ್‌ಪೇಯಲ್ಲಿ ಒಂದಿಷ್ಟು ಹಣ, ಬ್ಯಾಂಕ್ ಮ್ಯಾನೇಜರ್ ಎಂದರೆ ಅಂಜಿಕೆ. ಮೊದಲ ಮೂರನ್ನು ಕೈಗಡ ತಂದಾದರೂ ಹೊಂದಿಸಬಹುದು. ನಾಲ್ಕನೆಯದು ನಿಮ್ಮಲ್ಲೇ ಇರಬೇಕು.

ಸಿಬಿಲ್ ಸ್ಕೋರ್ ಎಂದರೇನೆಂದು ತಿಳಿಯಲು ಹೋಗಬೇಡಿ. 300ರಿಂದ 900ರ ನಡುವಿನ ಆ ಅಂಕಿಯನ್ನು ಮೈಲಾರದ ಕಾರ್ಣಿಕದಂತೆ ನೋಡಿ: ಗೊರವಯ್ಯ ನುಡಿದದ್ದು ಒಂದೇ ಸಾಲು, ಅರ್ಥ ಹೇಳುವವರು ನೂರು ಮಂದಿ. ಸಿಬಿಲ್ ಎಂಬುದು ಒಂದು ಕಂಪನಿಯ ಹೆಸರು, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂದು ಇನ್ನೂ ಮೂರಿವೆ ಎಂದು ಯಾರಾದರೂ ಹೇಳಿದರೆ ಮಾತು ಬದಲಿಸಿ.

ಅಪಾಯ! ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಕಡಿಮೆಯಾಗುವುದೂ ಇಲ್ಲ. ಅಪ್ಪಿತಪ್ಪಿ ತೆಗೆಸಿದಿರೋ, ಯಾವ ಸಾಲ, ಯಾವ ತಿಂಗಳು, ಎಷ್ಟು ಬಾಕಿ ಎಂಬುದೆಲ್ಲ ಕಣ್ಣಿಗೆ ಬಿದ್ದು ಸಿಬಿಲ್ ಕ್ಲಿಯರ್ ಮಾಡಿಸುವ ಪರಿಣತರ ಅಗತ್ಯವೇ ಉಳಿಯುವುದಿಲ್ಲ.

ಈಗ ಪರಿಣತರನ್ನು ಆರಿಸಿ. ನೀವು ಹುಡುಕಬೇಕಿಲ್ಲ, ಅವರೇ ಫೋನ್ ಮಾಡುತ್ತಾರೆ. ಒಳ್ಳೆಯ ಪರಿಣತರು ವರದಿ ನೋಡುವ ಮೊದಲೇ ಫಲಿತಾಂಶ ಹೇಳುತ್ತಾರೆ: “ಒಂದು ವಾರದಾಗ 750 ಮಾಡಿಸ್ತೀನ್ರಿ ಅಣ್ಣಾರ. ಒಳಗ ನಮ್ಮವರದಾರ. ನೀವು ಮಾತ್ರ ಬ್ಯಾಂಕಿಗೆ ಹೋಗಬ್ಯಾಡ್ರಿ, ಹೋದ್ರ ಫೈಲ್ ಕೆಡತೈತಿ.” ಫೀಸು ಮುಂಗಡ. ರಸೀದಿ ಕೇಳಿ ಅವರ ಮನಸ್ಸು ನೋಯಿಸಬೇಡಿ.

ಸಾಲ ಎಲ್ಲಿಯದು ಎಂಬ ಗೊಂದಲವನ್ನು ಜೋಪಾನ ಮಾಡಿ. ನಿಮ್ಮ ಹಳೆ ಪಾಸ್‌ಬುಕ್ಕಿನಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಎಂದಿದೆ. 2019ರಲ್ಲಿ ಅದು ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಕೂಡಿತು. “ಆ ಬ್ಯಾಂಕೇ ಇಲ್ಲ ಅಂದಮ್ಯಾಲೆ ಸಾಲ ಎಲ್ಲೈತ್ರಿ?” ಎಂದು ಪರಿಣತರು ಕೇಳಿದಾಗ ತಲೆಯಾಡಿಸಿ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಅಲ್ಲಿಂದ 2021ರಲ್ಲಿ ವಿಜಯನಗರಕ್ಕೆ ಜಿಲ್ಲೆ ಬದಲಿಸಿದೆ. ನಿಮ್ಮ ಪ್ಯಾನ್ ನಂಬರು ಮಾತ್ರ ಎಲ್ಲೂ ಹೋಗಿಲ್ಲ, ಸಾಲ ಅದರ ಬೆನ್ನು ಬಿಟ್ಟಿಲ್ಲ. ಇದನ್ನು ನೆನಪಿಸಿಕೊಳ್ಳಬೇಡಿ.

ಪರಿಣತರು ಮಾಡುವ ಕೆಲಸ ಮೂರು ಬಗೆಯದು. ಒಂದು, ನೀವೇ ಪುಕ್ಕಟೆ ಹಾಕಬಹುದಾದ ತಕರಾರು ಅರ್ಜಿಯನ್ನು ನಿಮ್ಮ ಹೆಸರಿನಲ್ಲಿ ಹಾಕುವುದು. ಕಂಪನಿ ಬ್ಯಾಂಕನ್ನು ಕೇಳುತ್ತದೆ, ಬ್ಯಾಂಕು “ಬಾಕಿ ಇರುವುದು ನಿಜ” ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ನಿಜವಾದ ಬಾಕಿಯನ್ನು ಅಳಿಸುವ ರಬ್ಬರು ಯಾರ ಜೇಬಿನಲ್ಲೂ ಇಲ್ಲ.

ಎರಡನೆಯದು ಹೆಚ್ಚು ಕಲಾತ್ಮಕ. ಲಕ್ಷದ ಬಾಕಿಗೆ ಅರವತ್ತು ಸಾವಿರ ಕಟ್ಟಿಸಿ, ಒಟಿಎಸ್ (ಒಂದೇ ಬಾರಿಯ ರಾಜಿ) ಮಾಡಿಸಿ, “ಸಿಬಿಲ್ ಕ್ಲಿಯರ್” ಎಂದು ಕೈಕುಲುಕುವುದು. ಒಟಿಎಸ್ ಮೋಸವಲ್ಲ, ಕೈಲಾಗದವರಿಗೆ ಅದೇ ದಾರಿಯಾಗಬಹುದು. ಆದರೆ ವರದಿಯಲ್ಲಿ ಆಗ ಮೂಡುವುದು ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’. ಪೂರ್ತಿ ಕಟ್ಟದೆ ರಾಜಿಯಾದ ಆಸಾಮಿ ಎಂದು ಮುಂದಿನ ಬ್ಯಾಂಕು ಅದನ್ನು ಓದಿಕೊಳ್ಳುತ್ತದೆ, ಅದೂ ವರ್ಷಗಟ್ಟಲೆ. ಈ ವ್ಯತ್ಯಾಸವನ್ನು ಸಹಿ ಹಾಕುವ ಮೊದಲು ಕೇಳಬೇಡಿ. ಮಗಳ ಓದಿಗೆ ಸಾಲ ಕೇಳಲು ಹೋದಾಗ ತಾನಾಗಿಯೇ ತಿಳಿಯುತ್ತದೆ.

ಮೂರನೆಯದಕ್ಕೆ ನೀವು ಒಟಿಪಿ ಹೇಳಿದರೆ ಸಾಕು. ನಿಮ್ಮ ಹೆಸರಿನಲ್ಲಿ ಯಾವುದೋ ಆ್ಯಪಿನ ಸಾಲ ಎದ್ದು, ರಿಪೇರಿಗೆ ಕೊಟ್ಟ ಸ್ಕೋರು ಇನ್ನೂ ಕೆಳಗಿಳಿದು ಮನೆಗೆ ಬರುತ್ತದೆ.

ಅಪಾಯ! ವರದಿಯಲ್ಲಿ ನಿಜಕ್ಕೂ ತಪ್ಪಿರಬಹುದು: ತೀರಿಸಿದ ಸಾಲ ಬಾಕಿ ಎಂದು ನಿಂತಿರುತ್ತದೆ, ಮನ್ನಾ ಹಣ ಜಮೆಯಾಗಿ ಮುಗಿದ ಖಾತೆ ಮುಗಿಯದಂತೆ ಕಾಣುತ್ತದೆ. ಅಂಥವರು ನೋ ಡ್ಯೂ ಪತ್ರ ಹಿಡಿದು ನೇರ ದೂರು ಕೊಟ್ಟುಬಿಡುವ ಸಂಭವವಿದೆ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ದೂರುದಾರನಿಗೇ ಸಿಗಬೇಕು. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅವರ 14448 ನಂಬರಿನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಫೀಸಿಲ್ಲ. ಪರಿಣತರಿಗೆ ಇದರಲ್ಲಿ ಎಲ್ಲಿಯೂ ಕಮಿಷನ್ ಹುಟ್ಟುವುದಿಲ್ಲ, ಅವರ ಹೊಟ್ಟೆಪಾಡನ್ನೂ ಯೋಚಿಸಿ.

ಎಲ್ಲಕ್ಕಿಂತ ಮುಖ್ಯ, ಬ್ಯಾಂಕಿನ ಕೌಂಟರಿನ ಮುಂದೆ ನಿಂತು “ಸರ್, ನನ್ನ ಖಾತೆ ಈಗ ಯಾವ ಸ್ಥಿತಿಯೊಳಗೈತ್ರಿ, ಪೂರ್ತಿ ಮುಗಿಸೋಕೆ ಎಷ್ಟು ಕಟ್ಟಬೇಕ್ರಿ?” ಎಂದು ಕೇಳಬೇಡಿ. ಸಾಹೇಬರು ಗದರಬಹುದು, ಹಿಂದೆ ನಿಂತ ಓಣಿಯವರು ಕೇಳಿಸಿಕೊಳ್ಳಬಹುದು. ಆ ಐದು ನಿಮಿಷದ ನಾಚಿಕೆ ತಪ್ಪಿಸಲೆಂದೇ ನಾವು ಪರಿಣತರಿಗೆ ಸಾವಿರಗಟ್ಟಲೆ ಸುರಿಯುವುದು. ಇಡೀ ದಂಧೆಯ ಬಂಡವಾಳ ಅದೊಂದೇ, ಅದನ್ನು ಹಾಕುವವರೂ ನಾವೇ.

ಬಳಸಿದ ನಂತರ: ಪರಿಣತರ ಫೋನು ಸ್ವಿಚ್ ಆಫ್ ಬರುತ್ತದೆ, ಇದು ದೋಷವಲ್ಲ. ಮನೆಯವರಿಗೂ ಹೇಳದೆ ನಾಲ್ಕು ದಿನ ತಡೆಯಿರಿ. ಕೂಡಲೇ ಸೈಬರ್ ವಂಚನೆಯ ದೂರಿನ ನಂಬರು 1930ಕ್ಕೆ ಫೋನ್ ಮಾಡಿದರೆ ಹಣ ದಾರಿಯಲ್ಲೇ ಸಿಕ್ಕಿಬೀಳುವ ಅಪಾಯವಿದೆ. ಐದನೆಯ ದಿನದ ಹೊತ್ತಿಗೆ ಇನ್ನೊಬ್ಬರು ಫೋನ್ ಮಾಡುತ್ತಾರೆ, ಕಳೆದ ಹಣ ವಾಪಸ್ ಕೊಡಿಸುವ ಪರಿಣತರು. ಇವರದೂ ಮುಂಗಡವೇ, ಆದರೆ ಮೊದಲಿನವರಿಗಿಂತ ಸ್ವಲ್ಪ ಕಡಿಮೆ.