ಶೇಕಡಾ ಐದರ ಕಳ್ಳ

ಅಹಮದಾಬಾದಿನ ನಮ್ಮ ಬಡಾವಣೆಯ ಹೆಸರು ಸ್ಯಾಟಲೈಟ್. ಬೆಂಗಳೂರಿನ ನೆಂಟರಿಗೆ ಹೇಳಿದರೆ ‘ಮೈಸೂರು ರಸ್ತೆ ಬಸ್‌ಸ್ಟ್ಯಾಂಡಾ?’ ಅನ್ನುತ್ತಾರೆ. ಅಲ್ಲ ಸ್ವಾಮಿ, ಇದು ಇಸ್ರೋ ಕೇಂದ್ರದ ಕೃಪೆಯಿಂದ ಬಂದ ಹೆಸರು. 1975–76ರಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳ ಟೀವಿಗೆ ಉಪಗ್ರಹದ ಮೂಲಕ ಪಾಠ ಹೋದದ್ದು ಈ ಊರಿನಿಂದ. ಇಂಥ ಕಡೆ ಖಾಖ್ರಾ ಪೊಟ್ಟಣವನ್ನು ತೂಗದೆ ತಿಂದರೆ ವಿಜ್ಞಾನಕ್ಕೆ ಅವಮಾನ.

ಪೊಟ್ಟಣದ ಮೇಲೆ 200 ಗ್ರಾಂ ಎಂದಿತ್ತು. ಹತ್ತು ತಂದು ತೂಗಿದೆ. ಸರಾಸರಿ 196, ಮಾನಕ ವಿಚಲನೆ 6. ಒಂದೊಂದು ಪೊಟ್ಟಣ 9 ಗ್ರಾಂವರೆಗೆ ಸೊರಗಿದರೆ ಕಾನೂನು ಕ್ಷಮಿಸುತ್ತದೆ; ಸರಾಸರಿ ಸೊರಗಿದರೆ ಇಲ್ಲ. ಆದರೆ ಈ ಕೊರತೆ ಇಡೀ ಗೋದಾಮಿನದೋ, ನನ್ನ ಹಣೆಬರಹದ್ದೋ? ಅದಕ್ಕೇ ಟಿ-ಪರೀಕ್ಷೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನ ಮರೆಯಲ್ಲಿ ಪ್ರಕಟಿಸಿದ್ದು. ಪಾನನಿಷೇಧದ ಗುಜರಾತಿನಲ್ಲಿ ಬಿಯರು ಪರ್ಮಿಟ್ಟಿಲ್ಲದೆ ಓಡಾಡುವುದು ಈ ಒಂದೇ ರೂಪದಲ್ಲಿ.

ಅಂಗಡಿಯವರು ಸಾಚಾ ಎಂದೇ ಹೊರಡಬೇಕು. ಅದು ಶೂನ್ಯ ಊಹೆ. ಲೆಕ್ಕ ಹಾಕಿದರೆ –2.11 ಬಂತು. ಶೇ. 5ರ ಗೆರೆ –1.83. ದಾಟಿಬಿಟ್ಟಿದೆ! ಚೀಟಿ ಹಿಡಿದು ಅಂಗಡಿಗೆ ಹೋದೆ.

‘ಶೇಕಡಾ ಐದು ಅಂದರೇನು ಸಾಹೇಬ್?’

‘ತೂಕ ಸರಿಯಿದ್ದರೂ ನಿಮ್ಮನ್ನು ಕಳ್ಳ ಅಂದುಬಿಡುವ ಅಪಾಯ, ಕಾಕಾ. ನೂರಕ್ಕೆ ಐದು ಸಲ.’

‘ಐದು ಜಾಸ್ತಿಯಾಯ್ತು. ಒಂದು ಮಾಡಿ.’

ಶೇ. 1ರ ಗೆರೆ –2.82. ಅಲ್ಲಿಗೆ ನನ್ನ –2.11 ಮುಟ್ಟುವುದಿಲ್ಲ. ಗೆರೆಯನ್ನು ತೂಗುವ ಮೊದಲೇ ಎಳೆಯಬೇಕು ಎಂದು ಗೊಣಗಿದೆ. ‘ರೇಟು ಕೇಳಿದ ಮೇಲೆ ತಾನೇ ಚೌಕಾಸಿ?’ ಎಂದರು. ಡಾಕ್ಟರೇಟು ಪಡೆದವರು ಬಾಗಿಲು ಹಾಕಿಕೊಂಡು ಮಾಡುವ ಕೆಲಸವನ್ನು ಕಾಕಾ ಗಿರಾಕಿಗಳ ಎದುರೇ ಮಾಡಿದರು.

‘ಹಾಗಾದರೆ ಸಾಚಾ ಅಂಗಡಿ ಅಂತ ಬೋರ್ಡು ಬರೆಸಲೇ?’

‘ಬೇಡ. “ಕಳ್ಳತನ ಸಾಬೀತಾಗಿಲ್ಲ” ಅಂತ ಬರೆಸಿ. ಪರೀಕ್ಷೆ ಕೊಡುವುದು ಅಷ್ಟೇ.’

ಕಾಕಾ ನಕ್ಕು ಇನ್ನೊಂದು ಪೊಟ್ಟಣ ಕೈಗಿಟ್ಟರು. ಪುಕ್ಕಟೆ. ಮನೆಗೆ ಬಂದು ತೂಗಿದರೆ 205! ಹನ್ನೊಂದನೆಯದೆಂದು ಲೆಕ್ಕಕ್ಕೆ ಸೇರಿಸಿದೆ. ಟಿ ಬೆಲೆ –1.67ಕ್ಕೆ ಇಳಿಯಿತು, ಹನ್ನೊಂದು ಪೊಟ್ಟಣಕ್ಕೆ ಶೇ. 5ರ ಗೆರೆ –1.81. ಈಗ ನನ್ನ ಗೆರೆಯಲ್ಲೂ ಕಾಕಾ ಪಾರು.

ಖಾಖ್ರಾ ಮಾತ್ರ ಗರಿಗರಿಯಾಗಿತ್ತು.