ಕಾಟ್ ಬೇಸಿಸ್ ಮೇಲೆ ದಕ್ಷಿಣ ಆಫ್ರಿಕಾ

ನನ್ನ ಗೆಳೆಯನೊಬ್ಬ ಮಷೀನು ಕೂರಿಸಲಿಕ್ಕೆಂದು ಜೋಹಾನ್ಸ್‌ಬರ್ಗ್‌ಗೆ ಹೋಗಿ ಎರಡು ವರ್ಷ ಇದ್ದು ಬಂದ. ಗದಗಿಗೆ ಇಳಿದ ವಾರದೊಳಗೆ ಅವನ ಉಪನ್ಯಾಸ ಗೊತ್ತಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಮಹಾರಾಷ್ಟ್ರದ ರಾಂಜಣಗಾಂವದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಊರಿಗೆ ಹೋದಾಗ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಮತ್ತ ಯಾವಾಗ ಹೋಗಾಂವ?"

ವೀಸಾ ಬೇಡದ ಊರಿನ ಅನುಭವ ಅನುಭವವೇ ಅಲ್ಲವೆಂಬುದು ಅವೈಜ್ಞಾನಿಕ. ಆದ್ದರಿಂದ ಅವನ ಉಪನ್ಯಾಸವನ್ನೂ ನನ್ನ ಕ್ಷೇತ್ರಕಾರ್ಯವನ್ನೂ ಎದುರುಬದುರು ಇಟ್ಟು ಈ ತೌಲನಿಕ ಅಧ್ಯಯನ ಮಂಡಿಸುತ್ತಿದ್ದೇನೆ.

ಮೊದಲು ಭೂಗೋಳ. ಆಫ್ರಿಕಾ ಒಂದು ದೇಶವೆಂದು ತಿಳಿದವರ ಬಗ್ಗೆ ಗೆಳೆಯ ಬಹಳ ನೊಂದುಕೊಂಡು ಮಾತಾಡಿದ. ರಾಂಜಣಗಾಂವ ಅಂದರೆ ಪುಣೆ ಎಂದು ತಿಳಿದವರು ಇದೇ ಪಂಥದವರು. ಪುಣೆಯಿಂದ ನಗರ ರಸ್ತೆ ಹಿಡಿದು ಸುಮಾರು 50 ಕಿಲೋಮೀಟರ್ ಬಂದರೆ ನಾವು ಸಿಗುತ್ತೇವೆ. ವಾಘೋಲಿ, ಶಿಕ್ರಾಪುರಗಳ ಟ್ರಾಫಿಕ್ ಸೇರಿಸಿದರೆ ಈ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ಶಾಸ್ತ್ರಸಮ್ಮತವಲ್ಲ.

ಸಿಗ್ನಲ್ ದೀಪಕ್ಕೆ ಅಲ್ಲಿ ರೋಬೋಟ್ ಅನ್ನುತ್ತಾರಂತೆ. ಸಭೆ ಚಪ್ಪಾಳೆ ತಟ್ಟಿತು. ರೋಬೋಟ್ ನಮ್ಮ ಕಾರ್ಖಾನೆಯಲ್ಲೂ ಇದೆ, ವೆಲ್ಡಿಂಗ್ ಲೈನಿನಲ್ಲಿ. ಅದು ಬಂದ ದಿನ ಎಂಟು ಜನಕ್ಕೆ ಕೆಂಪು ದೀಪ ಹತ್ತಿತು.

ಇನ್ನು ಕರೆಂಟು. ದಕ್ಷಿಣ ಆಫ್ರಿಕಾದಲ್ಲಿ ಲೋಡ್ ಶೆಡ್ಡಿಂಗಿಗೆ ಒಂದರಿಂದ ಎಂಟರವರೆಗೆ ಹಂತಗಳಿದ್ದವು. 2022-23ರಲ್ಲಿ ಆರನೆಯ ಹಂತಕ್ಕೂ ಹೋಗಿತ್ತು. ಯಾವ ಬಡಾವಣೆಗೆ ಯಾವಾಗ ಕತ್ತಲೆ ಎಂದು ಫೋನು ಮೊದಲೇ ಹೇಳುತ್ತಿತ್ತು. ಮಹಾರಾಷ್ಟ್ರದ ಸರ್ಕಾರಿ ಮರಾಠಿಯಲ್ಲಿ ಇದಕ್ಕೆ 'ಭಾರನಿಯಮನ' ಎಂಬ ಘನವಾದ ಹೆಸರಿದೆ, ಆದರೆ ನಮ್ಮ ಚಾಳಿನಲ್ಲಿ ಕೇಳಿಬರುವುದು 'ಲೈಟ್ ಗೇಲಿ'. ಅಂದರೆ ಲೈಟು ಹೋಯಿತು. ಮೇ ತಿಂಗಳ ರಾತ್ರಿ ಎರಡು ಗಂಟೆಗೆ, ತಗಡಿನ ಮಾಳಿಗೆಯ ಕೆಳಗೆ, ಕನ್ನಡದ ಅರ್ಥವೇ ಹೆಚ್ಚು ಸಮರ್ಪಕವೆಂದು ನನ್ನ ಅಭಿಪ್ರಾಯ.

ಭಾಷಾಶಾಸ್ತ್ರದಲ್ಲಿ ನನ್ನ ಇನ್ನೊಂದು ಕೊಡುಗೆಯಿದೆ. ಬಂದ ಮೊದಲ ದಿನ ಮೆಸ್ಸಿನ ಒಡತಿಗೆ "ತಾಯಿ" ಎಂದೆ. ಅರವತ್ತು ದಾಟಿದ ಆಕೆ ಹಿಗ್ಗಿ ಒಂದು ಭಾಕರಿ ಹೆಚ್ಚಿಗೆ ಹಾಕಿದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. ತಿಳಿದ ಮೇಲೂ ತಿದ್ದಿಕೊಳ್ಳಲಿಲ್ಲ.

ಆ ಭಾಕರಿಯ ವಿಷಯದಲ್ಲಿ ಗೆಳೆಯ ಪೂರ್ತಿ ಎಡವಿದ್ದಾನೆ. ಅಲ್ಲಿ ಬಿಳಿ ಹಿಟ್ಟಿನ ಮುದ್ದೆ ಮಾಡಿ ಕೈಯಲ್ಲೇ ಮುರಿದು, ಉಂಡೆ ಕಟ್ಟಿ, ಸಾರಿಗೆ ಅದ್ದಿ ತಿನ್ನುತ್ತಾರೆ, ದಕ್ಷಿಣ ಆಫ್ರಿಕಾದಲ್ಲಿ ಪಾಪ್, ಜಿಂಬಾಬ್ವೆಯಲ್ಲಿ ಸಾಡ್ಜಾ ಎನ್ನುತ್ತಾರೆ ಎಂದು ಅದ್ಭುತ ಕಂಡವನಂತೆ ವರ್ಣಿಸಿದ. ಮಂಡ್ಯದ ಯಾರೂ ಸಭೆಯಲ್ಲಿರಲಿಲ್ಲವಾಗಿ ಬಚಾವಾದ. ಆ ಹಿಟ್ಟು ಗೋವಿನಜೋಳದ್ದು. ಅದರ ತವರು ಅಮೆರಿಕ. ನಮ್ಮ ಭಾಕರಿಯ ಬಿಳಿಜೋಳವನ್ನಾದರೋ ಸುಮಾರು 5,000 ವರ್ಷಗಳ ಹಿಂದೆ ಇಂದಿನ ಸೂಡಾನಿನ ಪೂರ್ವಭಾಗದಲ್ಲಿ ಬೇಸಾಯಕ್ಕೆ ಪಳಗಿಸಿದರು. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದದ್ದೇ. ಅಂದಮೇಲೆ ಎರಡು ವರ್ಷ ಆಫ್ರಿಕಾದಲ್ಲಿದ್ದು ಅವನು ತಿಂದದ್ದು ಅಮೆರಿಕವನ್ನು. ಒಂಬತ್ತು ವರ್ಷದಿಂದ ಪಿಠಲ, ಠೇಚಾದೊಡನೆ ಎರಡು ಹೊತ್ತು ಆಫ್ರಿಕಾವನ್ನು ತಿನ್ನುತ್ತಿರುವವನು ನಾನು. ಸೂಡಾನ್ ದಕ್ಷಿಣ ಆಫ್ರಿಕಾದಲ್ಲಿಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಗದಗಿನ ಶ್ರೋತೃಗಳು ತೆಗೆಯಲಾರರು.

ಉಪನ್ಯಾಸದ ಮುಖ್ಯ ಆಕರ್ಷಣೆ ಕ್ರೂಗರ್ ಅಭಯಾರಣ್ಯದ ಆನೆ. ಅದು ರಸ್ತೆಗೆ ಬಂದರೆ ಕಾರುಗಳೆಲ್ಲ ನಿಲ್ಲುತ್ತವೆ, ಅದು ಹೋಗುವವರೆಗೂ ಯಾರೂ ಹಾರ್ನ್ ಹಾಕುವುದಿಲ್ಲ. ಅಂಗಾರಕ ಸಂಕಷ್ಟಿಯ ದಿನ ನಮ್ಮ ಹೆದ್ದಾರಿಯಲ್ಲೂ ಗಜಮುಖನಿಂದಾಗಿ ಕಾರುಗಳು ನಿಲ್ಲುತ್ತವೆ. ಹಾರ್ನ್ ಮಾತ್ರ ಎಲ್ಲರೂ ಹಾಕುತ್ತಾರೆ. ರಾಂಜಣಗಾಂವದ ಮಹಾಗಣಪತಿ ಅಷ್ಟವಿನಾಯಕರಲ್ಲಿ ಒಬ್ಬ. ಶಿವನೇ ತ್ರಿಪುರಾಸುರನ ಮೇಲೆ ಹೋಗುವ ಮುಂಚೆ ಇಲ್ಲಿ ಪೂಜೆ ಮಾಡಿದನೆಂಬ ಕಥೆಯಿದೆ. ಕಣ್ಣಿಗೆ ಕಾಣುವ ಮೂರ್ತಿಯ ಕೆಳಗೆ ನೆಲಮಾಳಿಗೆಯಲ್ಲಿ ಹತ್ತು ಸೊಂಡಿಲು, ಇಪ್ಪತ್ತು ಕೈಗಳ ಮಹೋತ್ಕಟನ ಮೂರ್ತಿ ಇದೆಯೆಂದು ಭಕ್ತರ ನಂಬಿಕೆ. ಗೆಳೆಯನ ಫೋಟೋದ ಆನೆಗೆ ಇದ್ದದ್ದು ಒಂದೇ ಸೊಂಡಿಲು. ಎಣಿಸಿದ್ದೇನೆ.

ಕಾಲದ ಕಲ್ಪನೆಯಲ್ಲಿ ಮಾತ್ರ ಎರಡೂ ನಾಡು ಒಂದು. ದಕ್ಷಿಣ ಆಫ್ರಿಕಾದವರು 'ಜಸ್ಟ್ ನೌ' ಎಂದರೆ ಈಗಲ್ಲ, ಇನ್ನು ಯಾವಾಗಲೋ. 'ನೌ ನೌ' ಎಂದರೆ ಅದಕ್ಕಿಂತ ಬೇಗ. ನಮ್ಮ ಪ್ಲಂಬರ್ "ಆತ್ತಾ ಯೇತೋ" ಎಂದು ಹೋದದ್ದು ದಸರೆಗೆ ಮುಂಚೆ. ಈಗಲೇ ಬಂದೆ ಎಂದು ಅದರ ಅರ್ಥ. ಗದಗಿನವನಾದ ನನಗೆ ಆ 'ಆತ್ತಾ' ಎಂಬುದು 'ಅತ್ತ' ಎಂದು ಕೇಳಿಸಿತ್ತು, ಅವನು ಅತ್ತಲೇ ಹೋದ.

ಕೊನೆಯದಾಗಿ ವಸತಿ. ಗೆಳೆಯನದು ಮೂರು ಕೋಣೆಯ ಮನೆ, ಗೋಡೆಯ ಮೇಲೆ ವಿದ್ಯುತ್ ತಂತಿ. ನನ್ನದು ಕಾಟ್ ಬೇಸಿಸ್. ಅಂದರೆ ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಕನ್ನಡಿಗರು ಕಾಟದ ಆಧಾರದ ಮೇಲೆ ಎಂದು ಬಿಡಿಸಿಕೊಳ್ಳಬಹುದು. ಸಂಬಳ ಇನ್ನೂ ಕಡಿಮೆಯಿದ್ದರೆ ಒಂದೇ ಮಂಚಕ್ಕೆ ಇಬ್ಬರು, ಬೇರೆಬೇರೆ ಶಿಫ್ಟಿನವರು. ಜಿಂಬಾಬ್ವೆಯ ಶೋನಾ ಜನ ಕ್ಷೇಮ ಕೇಳಿದರೆ "ನೀವಿದ್ದರೆ ನಾವೂ ಇದ್ದೇವೆ" ಎಂಬರ್ಥದ ಉತ್ತರ ಕೊಡುತ್ತಾರಂತೆ. ಗೆಳೆಯ ಇದನ್ನು ಹೇಳುವಾಗ ಕಣ್ಣೊರೆಸಿಕೊಂಡ. ನನ್ನ ಮಂಚದ ಪಾಲುದಾರ ನಾಂದೇಡ ಕಡೆಯವನು. ಅವನಿದ್ದರೆ ನಾನಿರುವಂತಿಲ್ಲ.

ಈ ಅಧ್ಯಯನಕ್ಕೆ ಇನ್ನೂ ನಾಲ್ಕು ಅಧ್ಯಾಯ ಬಾಕಿಯಿವೆ. ಆದರೆ ಸೆಕೆಂಡ್ ಶಿಫ್ಟ್ ಬಿಟ್ಟಿದೆ, ಅವನು ಬೂಟು ಕಳಚುತ್ತಾ ಬಾಗಿಲಲ್ಲಿ ನಿಂತಿದ್ದಾನೆ. ದಿಂಬು ನನ್ನದು, ತೆಗೆದುಕೊಂಡು ಏಳುತ್ತೇನೆ.