ಕ್ಯಾಲೊರಿ ಶಾನುಭೋಗರು

ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದುಪಡಿಸಿದಾಗ ಶಾನುಭೋಗಿಕೆಯೂ ಮುಗಿಯಿತೆಂದು ನಂಬಲಾಗಿದೆಯಾದರೂ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅದು ಬೇರೊಂದು ರೂಪದಲ್ಲಿ ಚಿಗುರಿರುವುದನ್ನು ವಿದ್ವಾಂಸರು ಗಮನಿಸಿದಂತಿಲ್ಲ. ಈ ಹೊಸ ಶಾನುಭೋಗರಿಗೆ ಜಮೀನಿನ ಗೊಡವೆಯಿಲ್ಲ. ಬಾಯಿಗೆ ಹೋದದ್ದನ್ನು ಜಮೆಗೂ ಬೆವರಿನಲ್ಲಿ ಇಳಿದದ್ದನ್ನು ಖರ್ಚಿಗೂ ಹಾಕಿ, ಮಲಗುವ ಮುನ್ನ ಮೊಬೈಲಿನಲ್ಲಿ ಬಾಕಿ ತೆಗೆಯುವುದು ಅವರ ಕಾಯಕ. ನಲವತ್ತು ದಾಟಿದವರು, ರಕ್ತಪರೀಕ್ಷೆಯ ವರದಿ ನೋಡಿ ಒಮ್ಮೆ ಬೆಚ್ಚಿದವರು, ಜಿಮ್ಮಿಗೆ ವರ್ಷದ ಹಣ ಕಟ್ಟಿ ವಾರಕ್ಕೇ ಬಿಟ್ಟುಬಂದವರು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತಾರೆ.

ಇವರ ಶಾಸ್ತ್ರದಲ್ಲಿ ದೋಷವಿಲ್ಲವೆಂಬುದನ್ನು, ಎಷ್ಟೇ ಮನಸ್ಸಿಲ್ಲದಿದ್ದರೂ, ಒಪ್ಪಲೇಬೇಕು. ಒಂದು ಕಿಲೋ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಕಿಲೋಕ್ಯಾಲೊರಿ. ಜನರ ಬಾಯಲ್ಲಿ ‘ಕಿಲೋ’ ಉದುರಿ ಕ್ಯಾಲೊರಿ ಮಾತ್ರ ಉಳಿದಿದೆ. ಶರ್ಕರಪಿಷ್ಟ ಮತ್ತು ಪ್ರೋಟೀನುಗಳ ಗ್ರಾಮಿಗೆ 4, ಕೊಬ್ಬಿನ ಗ್ರಾಮಿಗೆ 9 ಎಂದು ಇಂದಿಗೂ ಬಳಕೆಯಲ್ಲಿರುವ ಲೆಕ್ಕಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ತಳಹದಿ ಹಾಕಿದರೆ, ಅದೇ ದೇಶದ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರ ತಮ್ಮ ಪುಸ್ತಕದಲ್ಲಿ, ಒಂದು ತುಂಡು ಬ್ರೆಡ್ ಎನ್ನುವ ಬದಲು ನೂರು ಕ್ಯಾಲೊರಿ ಬ್ರೆಡ್ ಎನ್ನುವ ಅಭ್ಯಾಸವನ್ನು ಓದುಗರಿಗೆ ಬೋಧಿಸಿದರು. ಶಾನುಭೋಗ ಸಂತತಿಯ ಮೂಲಮಾತೆ ಈಕೆಯೇ.

ಈ ಸಂತತಿಯವರ ಪಕ್ಕದ ಎಲೆಗೆ ಕುಳಿತವರ ಪಾಡನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿಯೇ ದಾಖಲಿಸಬೇಕಾಗಿದೆ. ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ, 84 ಕಿಲೋ ತೂಗುವ ಇಂಥ ಶಾನುಭೋಗರೊಬ್ಬರು ಹೋಳಿಗೆ ಬಂದೊಡನೆ ಎಲೆಗೆ ಅಡ್ಡ ಬಾಗಿ, ಎರಡೂ ಕೈ ಚಾಚಿ ಬೇಡವೆಂದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಗೌರವ ಉಳಿಯುತ್ತಿತ್ತು. ಆದರೆ ಅವರು ಪಕ್ಕದ ಎಲೆಯತ್ತ ತಿರುಗಿ, “ಆ ತುಪ್ಪ ಇದೆಯಲ್ಲ ಸಾರ್, ಕಮ್ಮಿ ಅಂದ್ರೂ ಹದಿನೈದು ಗ್ರಾಂ. ನೂರ ಮೂವತ್ತೈದು ಕ್ಯಾಲೊರಿ. ನನಗಾದ್ರೆ ಹನ್ನೆರಡು ನಿಮಿಷ ಜಂಪಿಂಗ್ ಜ್ಯಾಕ್” ಎಂದರು. ಸುಮ್ಮನೆ ಕುಳಿತ ದೇಹವು ತನ್ನ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ ವೆಚ್ಚ ಮಾಡುವುದನ್ನು ಒಂದು ಮೆಟ್ ಎಂದು ಕರೆಯುತ್ತಾರೆಂದೂ, ಕೈಕಾಲು ಅಗಲಿಸಿ ಕೂಡಿಸಿ ಜಿಗಿಯುವ ಜಂಪಿಂಗ್ ಜ್ಯಾಕಿಗೆ ಅದರ ಎಂಟರಷ್ಟು ತಗಲುತ್ತದೆಂದೂ ಅವರು ವಿವರಿಸಿ ಮುಗಿಸುವಷ್ಟರಲ್ಲಿ ತುಪ್ಪ ಹೆಪ್ಪುಗಟ್ಟಿತ್ತು. ಆಮೇಲೆ ಹೆಂಡತಿಯ ಎಲೆಯಿಂದ ಅರ್ಧ ಹೋಳಿಗೆ ಮುರಿದುಕೊಂಡರು. ತುಸು ತಡೆದು ಉಳಿದರ್ಧವನ್ನೂ ಮುರಿದುಕೊಂಡರು. “ಏನ್ರೀ ಇದು?” ಎಂದು ಆಕೆ ಕೇಳಿದ್ದಕ್ಕೆ, “ಬಡಿಸಿದ್ದು ನಿನಗಲ್ವಾ?” ಎಂಬ ಉತ್ತರ ಬಂತು. ಮುರಿದದ್ದು, ರುಚಿ ನೋಡಿದ್ದು, ಬೇರೆಯವರ ಎಲೆಯಲ್ಲಿದ್ದದ್ದು ಖಾತೆಗೆ ಬರುವುದಿಲ್ಲವೆಂಬುದು ಈ ಶಾಸ್ತ್ರದ ಅಲಿಖಿತ ವಿಧಿ. ಪಕ್ಕದ ಎಲೆಯವರು ಹಟಕ್ಕೆ ಬಿದ್ದು ಮೂರನೆಯ ಹೋಳಿಗೆ ಹಾಕಿಸಿಕೊಂಡದ್ದು, ಮನೆಗೆ ಬಂದು ಪ್ಯಾಂಟಿನ ಹುಕ್ಕು ಸಡಿಲಿಸಿ ಹನ್ನೆರಡನ್ನು ಮೂರರಿಂದ ಗುಣಿಸುತ್ತ ಕುಳಿತದ್ದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಹೊರಗಿನ ಸಂಗತಿಗಳು.

ಕಾರ್ಡಿಯೊ, ಅಂದರೆ ಎದೆಬಡಿತವನ್ನು ಏರಿಸಿ ಕೆಲಹೊತ್ತು ಏರಿಕೆಯಲ್ಲೇ ಇರಿಸುವ ಕಸರತ್ತು, ಇವರ ಮನೆಯ ಹಾಲಿನಲ್ಲಿ ಬೆಳಗಿನ ಐದೂವರೆಗೆ ಆರಂಭವಾಗುತ್ತದೆ. ಸೋಫಾ ಗೋಡೆಗೆ ಸರಿಯುತ್ತದೆ, ಟಿವಿಯಲ್ಲಿ ತರುಣಿಯೊಬ್ಬಳು ನಗುನಗುತ್ತ ಜಿಗಿಯುತ್ತಾಳೆ, ಶಾನುಭೋಗರು ನಗದೆ ಜಿಗಿಯುತ್ತಾರೆ. ಕೆಳಗಿನ ಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಇಪ್ಪತ್ತು ನಿಮಿಷ ಮುಗಿದಾಗ ಕೈಗಡಿಯಾರ 224 ಕ್ಯಾಲೊರಿ ತೋರಿಸುತ್ತದೆ. ಅದರಲ್ಲಿ 28 ಅವರು ಪೇಪರ್ ಓದುತ್ತ ಕುಳಿತಿದ್ದರೂ ಖರ್ಚಾಗುತ್ತಿದ್ದದ್ದೆಂಬುದನ್ನು ಗಡಿಯಾರ ಹೇಳುವುದಿಲ್ಲ. ಉಳಿದ 196ರಂತೆ ಹಿಡಿದರೆ, ಅಂದಾಜು 7,700 ಕ್ಯಾಲೊರಿಗೆ ಸಮನಾದ ಒಂದು ಕಿಲೋ ಕೊಬ್ಬು ಕರಗಲು ಮೂವತ್ತೊಂಬತ್ತು ದಿನ, ಅದೂ ಒಂದು ತುತ್ತು ಹೆಚ್ಚಾಗದಿದ್ದರೆ, ಬೇಕಾಗುತ್ತದೆ. ಜಿಗಿತದ ಜೊತೆಗೆ ಊಟಕ್ಕೂ ಕಡಿವಾಣ ಹಾಕಬೇಕಾಗಿರುವುದು ಇದಕ್ಕಾಗಿಯೇ. ಶಾನುಭೋಗರಾದರೋ 224ನ್ನು ಸಂಪಾದನೆಯೆಂದು ಭಾವಿಸಿ, ಭಾನುವಾರಗಳಂದು ಮಸಾಲೆ ದೋಸೆಗೆ ಹೂಡುತ್ತಾರೆ.

ಆದರೂ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕದಲ್ಲೇ ಹಳೆಯ ಹಿತ್ತಾಳೆಯ ಪಾವು ಇರುವುದನ್ನು ಕಂಡವರಿಗೆ ನಗು ಅರ್ಧಕ್ಕೆ ನಿಲ್ಲುತ್ತದೆ. ಅರವತ್ತರ ದಶಕದಲ್ಲಿ ಅಮೆರಿಕದ ಗೋಧಿಗಾಗಿ ರೇಷನ್ ಅಂಗಡಿಯ ಮುಂದೆ ನಿಂತಿದ್ದ ಅವರ ತಾಯಿ, ತಿಂಗಳ ಕೊನೆಯವರೆಗೂ ಸಾಲಲೆಂದು ಅಕ್ಕಿಯನ್ನು ಆ ಪಾವಿನಲ್ಲಿ ಗೀಚಿ ಅಳೆಯುತ್ತಿದ್ದರು. ಆ ಮನೆಗೆ ಅಮೆರಿಕದಿಂದ ಮೊದಲು ಗೋಧಿ ಬಂತು, ಆಮೇಲೆ ತಿನ್ನದಿರುವ ಲೆಕ್ಕ ಬಂತು. ಮಗ ಅನ್ನವನ್ನು ತೂಗಿ ಒಂದು ಸೌಟು ವಾಪಸು ಹಾಕುವಾಗ ಆ ವೃದ್ಧೆ ಏನೂ ಹೇಳುವುದಿಲ್ಲ. ಮಗ ಫೋನೆತ್ತಿಕೊಂಡಾಗ ಅವನ ಸಾರಿನ ಬಟ್ಟಲಿಗೆ ಒಂದು ಚಮಚ ತುಪ್ಪ ಸೇರಿಸುತ್ತಾರೆ. ಅದರ ಪರಿಮಳ ಮಗನಿಗೆ ತಿಳಿಯದಿರುವುದು ಸಾಧ್ಯವೇ ಇಲ್ಲವಾದರೂ, ಆ ಚಮಚ ಈವರೆಗೆ ಖಾತೆಗೆ ಏರಿಲ್ಲ.

ಇಷ್ಟೆಲ್ಲ ಸೋರಿಕೆಯ ನಡುವೆಯೂ ಏಳು ತಿಂಗಳಲ್ಲಿ ಅವರು 84ರಿಂದ 79 ಕಿಲೋಗೆ ಇಳಿದಿರುವುದನ್ನು ನಿಷ್ಪಕ್ಷಪಾತವಾಗಿ ದಾಖಲಿಸಬೇಕು. ಆದರೆ ತೂಕ ಇಳಿದಂತೆ ಅದೇ ಜಿಗಿತದ ಖರ್ಚೂ ಇಳಿಯುತ್ತದೆ; ಹನ್ನೆರಡು ನಿಮಿಷದಲ್ಲಿ ತೀರುತ್ತಿದ್ದ ಅದೇ ತುಪ್ಪಕ್ಕೆ ಈಗ ಸುಮಾರು ಹದಿಮೂರು ನಿಮಿಷ ಬೇಕು. ಮೇಲಿನ ಮನೆಗಳ ಜಿಗಿತ ಇನ್ನು ಮುಂದೆ ಹೆಚ್ಚುವುದೇ ಹೊರತು ತಗ್ಗದು. ಆದ್ದರಿಂದ ಮಹಡಿ ಮನೆಗಳಲ್ಲಿ ವಾಸಿಸುವ ಸಮಸ್ತ ಶಾನುಭೋಗರೂ ದಪ್ಪನೆಯ ಮ್ಯಾಟ್ ಹಾಸಿಕೊಂಡು, ಕೆಳಗಿನವರು ಎದ್ದ ಮೇಲೆ ಜಿಗಿಯಬೇಕಾಗಿ ವಿನಂತಿ.